ರಿಪೋರ್ಟ್ ನಾರ್ಮಲ್, ಆದ್ರೂ ಮಾತ್ರೆ ಯಾಕೆ? - ನರರೋಗ ಪ್ರಶ್ನೋತ್ತರ

ಪ್ರಶ್ನೆ: ನನ್ನ ತಂಗಿಗೆ 22 ವರ್ಷ. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಫಿಟ್ಸ್ ಬಂತು. ಜ್ವರ ಇರ್ಲಿಲ್ಲ, ಶುಗರ್ ಕೂಡ ಸರಿಯಾಗೇ ಇತ್ತು. ದೊಡ್ಡ ಆಸ್ಪತ್ರೆಯ ನ್ಯೂರಾಲಜಿ ವಿಭಾಗಕ್ಕೆ ಕರ್ಕೊಂಡು ಹೋದ್ವಿ, ಎಂಆರ್‌ಐ, ಇಇಜಿ ಎರಡೂ ನಾರ್ಮಲ್ ಬಂತು. ಡಾಕ್ಟರ್ ಮಾತ್ರ ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿ ಮಾತ್ರೆ ಬರೆದುಬಿಟ್ರು, ಎಪಿಲೆಪ್ಸಿ ಕ್ಲಿನಿಕ್‌ಗೆ ಬನ್ನಿ ಅಂದ್ರು. ರಿಪೋರ್ಟ್‌ನಲ್ಲಿ ಏನೂ ಇಲ್ದಿದ್ಮೇಲೆ ಮಾತ್ರೆ ಯಾಕೆ ಬೇಕು? ಅಮ್ಮ ನಿಲ್ಸೋಣ ಅಂತಿದಾರೆ.

ಉತ್ತರ: ಮೊದಲು ಅಮ್ಮನಿಗೆ ಹೇಳಿ, ಮಾತ್ರೆ ನಿಲ್ಸೋದು ಬೇಡ. ಫಿಟ್ಸ್ ಮಾತ್ರೆನ ಥಟ್ ಅಂತ ನಿಲ್ಸಿದ್ರೆ ಮೊದ್ಲಿಗಿಂತ ಜೋರಾಗಿ, ಬಿಡದೇ ಬರೋ ಅಪಾಯ ಇದೆ. ಏನೇ ಅನುಮಾನ ಇದ್ರೂ ಬರ್ಕೊಟ್ಟ ಡಾಕ್ಟರ್‌ನೇ ಕೇಳಿ.

ಇನ್ನು ರಿಪೋರ್ಟ್ ವಿಷಯ. ಇಇಜಿ ಮಾಡೋದು ಹೆಚ್ಚೂಕಮ್ಮಿ 20-30 ನಿಮಿಷ, ಆ ಹೊತ್ತಲ್ಲಿ ಮೆದುಳಿನ ವಿದ್ಯುತ್ ಹೇಗಿತ್ತು ಅಂತ ಅಷ್ಟೇ ಅದು ಹೇಳೋದು, ಫಿಟ್ಸ್ ಬಂದು ಹೋದ ಎಷ್ಟೋ ದಿನ ಆದ್ಮೇಲೆ ಮಾಡಿದ ಇಇಜಿ ಅಂದ್ರೆ ಸಿಡಿಲು ಹೊಡೆದ ಮಾರನೇ ದಿನ ಆಕಾಶದ ಫೋಟೋ ತೆಗೆದ ಹಾಗೆ. ಫಿಟ್ಸ್ ಇರೋ ಎಷ್ಟೋ ಜನರಿಗೆ ಮೊದಲನೇ ಇಇಜಿ ನಾರ್ಮಲ್ಲೇ ಬರುತ್ತೆ. ಎಂಆರ್‌ಐ ನೋಡೋದು ಗಡ್ಡೆ, ಗಾಯದ ಕಲೆ, ಹುಟ್ಟಿನಿಂದ ಬಂದ ವ್ಯತ್ಯಾಸ ಇಂಥದ್ದನ್ನ, ಅದೇನೂ ಇಲ್ಲ ಅಂದ್ರೆ ಸಂತೋಷ, ಆದ್ರೆ ಫಿಟ್ಸೇ ಇಲ್ಲ ಅಂತ ಅರ್ಥ ಅಲ್ಲ. ಬೇರೆ ಕಾರಣ ಏನೂ ಇಲ್ದೇ, 24 ಗಂಟೆಗಿಂತ ಹೆಚ್ಚು ಅಂತರದಲ್ಲಿ ಎರಡು ಸಲ ಫಿಟ್ಸ್ ಬಂದ್ರೆ ಅದನ್ನ ಎಪಿಲೆಪ್ಸಿ ಅಂತ್ಲೇ ಕರೀತೀವಿ, ಮೂರನೇ ಸಲ ಬರೋ ಸಾಧ್ಯತೆ ಜಾಸ್ತಿ ಇರೋದ್ರಿಂದ ಮಾತ್ರೆ ಶುರು ಮಾಡ್ತೀವಿ.

ಅರ್ಧ ಗಂಟೆ ಪ್ರಶ್ನೆ ಕೇಳಿದ್ರು ಅಂತ ನೀವು ಬೇಜಾರಲ್ಲಿ ಬರ್ದಿದೀರಿ, ನಂಗಂತೂ ಅದನ್ನ ಓದಿ ಸಮಾಧಾನ ಆಯ್ತು. ನ್ಯೂರಾಲಜಿಯಲ್ಲಿ ಅದೇ ದೊಡ್ಡ ಪರೀಕ್ಷೆ. ಆ ಹೊತ್ತಲ್ಲಿ ಏನಾಯ್ತು ಅಂತ ತಂಗಿಗೇ ಗೊತ್ತಿರಲ್ಲ, ನೋಡಿದವರು ನೀವು. ಕುತ್ತಿಗೆ ಯಾವ ಕಡೆ ತಿರುಗಿತು, ಕಣ್ಣು ತೆರೆದಿತ್ತಾ ಮುಚ್ಚಿತ್ತಾ, ಮೊದಲು ಯಾವ ಕೈ ಸೆಟೆದುಕೊಳ್ತು, ಬೀಳೋಕೆ ಮುಂಚೆ ಸುಮ್ನೆ ದಿಟ್ಟಿಸ್ತಾ ತುಟಿ ಚಪ್ಪರಿಸ್ತಾ ಬಟ್ಟೆ ಎಳೀತಾ ಇದ್ಲಾ, ನಾಲಿಗೆ ಪಕ್ಕದಲ್ಲಿ ಕಚ್ಕೊಂಡಿದ್ಲಾ, ಎದ್ಮೇಲೆ ಎಷ್ಟು ಹೊತ್ತು ಗೊಂದಲ ಇತ್ತು, ಇಷ್ಟು ಗೊತ್ತಾದ್ರೆ ಮೆದುಳಿನ ಯಾವ ಭಾಗದಿಂದ ಶುರುವಾಯ್ತು ಅಂತ ಅಂದಾಜು ಸಿಗುತ್ತೆ, ಬರೀ ತಲೆಸುತ್ತಿ ಬಿದ್ದಿದ್ದಾ ನಿಜವಾದ ಫಿಟ್ಸಾ ಅನ್ನೋದೂ ತಿಳಿಯುತ್ತೆ. ಹಾಗಾಗಿ ಕ್ಲಿನಿಕ್‌ಗೆ ಹೋಗುವಾಗ ಕಣ್ಣಾರೆ ನೋಡಿದವರೇ ಜೊತೆಗೆ ಹೋಗಿ. ಮತ್ತೆ ಬಂದ್ರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯೊಳಗೆ ಏನೂ ತುರುಕಬೇಡಿ, ಗಡಿಯಾರ ನೋಡಿ, 5 ನಿಮಿಷ ದಾಟಿದ್ರೆ ಆಂಬ್ಯುಲೆನ್ಸ್ ಕರೀರಿ. ಇನ್ನೊಬ್ರು ಯಾರಾದ್ರೂ ಇದ್ರೆ ಮೊಬೈಲ್‌ನಲ್ಲಿ ವಿಡಿಯೋ ಮಾಡ್ಲಿ, ಮುಖ ಮತ್ತೆ ಎರಡೂ ಕೈ ಕಾಣೋ ಹಾಗೆ.

ಎಪಿಲೆಪ್ಸಿ ಕ್ಲಿನಿಕ್ ಅಂದ್ರೆ ಫಿಟ್ಸ್ ಇರೋರಿಗೇ ಮೀಸಲಾದ ಓಪಿಡಿ, ಹೆದರೋ ಅಂಥದ್ದೇನಲ್ಲ. ಅಲ್ಲಿ ಡೋಸ್ ಹೊಂದಿಸ್ತಾರೆ, ಬೇಕಾದ್ರೆ ನಿದ್ದೆಗೆಡಿಸಿ ಇಇಜಿ ಮಾಡ್ತಾರೆ, ಗೊತ್ತಾಗ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡ್ಕೊಂಡು ಹಗಲೂ ರಾತ್ರಿ ವಿಡಿಯೋ ಇಇಜಿ ಇಡ್ತಾರೆ. ಸರಿಯಾದ ಎರಡು ಔಷಧಿ ಸರಿಯಾದ ಡೋಸಲ್ಲಿ ಕೊಟ್ರೂ ನಿಲ್ದಿದ್ರೆ ಆಪರೇಷನ್‌ನಿಂದ ಉಪಯೋಗ ಆಗುತ್ತಾ ಅಂತ ನ್ಯೂರೋಸರ್ಜನ್ ಜೊತೆ ಕೂತು ನೋಡ್ತಾರೆ. ನೀವು ತಪ್ಪದೇ ಕೇಳಬೇಕಾದ್ದು ಒಂದಿದೆ: ಕೊಟ್ಟಿರೋ ಮಾತ್ರೆ ವ್ಯಾಲ್ಪ್ರೋಯೇಟಾ ಅಂತ. ಗರ್ಭಿಣಿ ಆದಾಗ ಮಗುವಿಗೆ ತೊಂದ್ರೆ ಮಾಡೋ ಔಷಧಿ ಅದು, ತಂಗಿ ವಯಸ್ಸಿನ ಹೆಣ್ಮಕ್ಕಳಿಗೆ ಸಾಧ್ಯವಾದಷ್ಟು ಬೇರೆ ಔಷಧಿನೇ ಆರಿಸ್ತಾರೆ. ಅದೇ ಆಗಿದ್ರೂ ತಾನಾಗಿ ನಿಲ್ಸೋದು ಬೇಡ, ಡಾಕ್ಟರ್ ಹತ್ರ ಮಾತಾಡಿ ಬದಲಾಯಿಸ್ಕೊಳ್ಳಿ. ಮದುವೆ ಮಾತುಕತೆ ಶುರುವಾಗೋವರೆಗೂ ಇದನ್ನ ಕೇಳದೇ ಇರೋರನ್ನ ನೋಡಿದೀನಿ, ದಯವಿಟ್ಟು ಹಾಗ್ಮಾಡ್ಬೇಡಿ.

ಪ್ರಶ್ನೆ: ಅಪ್ಪನಿಗೆ ಬೆಳಿಗ್ಗೆ ಬಲಗೈ ಹಿಡಿತ ತಪ್ಪಿ ಲೋಟ ಜಾರಿತು, ಮಾತು ತೊದಲಿತು. ಹದಿನೈದು ನಿಮಿಷದಲ್ಲಿ ಎಲ್ಲಾ ಸರಿಹೋಯ್ತು. ನ್ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟ್ ಮುಂದಿನ ವಾರ ಸಿಕ್ಕಿದೆ. ಕಾಯ್ಬಹುದಾ?

ಉತ್ತರ: ಕಾಯ್ಬಾರ್ದು. ಇವರಿಗೆ ಅವತ್ತೇ ಫೋನಲ್ಲಿ ಹೇಳಿದೀನಿ, ಇಲ್ಲಿ ಬರೀತಿರೋದು ಬೇರೆ ಮನೆಯವರೂ ಓದ್ಲಿ ಅಂತ. ಇದನ್ನ ಟಿಐಎ ಅಂತಾರೆ, ಮೆದುಳಿನ ರಕ್ತ ಸ್ವಲ್ಪ ಹೊತ್ತು ಕಟ್ಟಿ ಮತ್ತೆ ಹರಿದಿರುತ್ತೆ. ಸರಿಹೋಯ್ತಲ್ಲ ಅಂತ ಬಿಟ್ರೆ ನಿಜವಾದ ಸ್ಟ್ರೋಕ್ ಬರೋ ಅಪಾಯ ಮೊದಲ 48 ಗಂಟೆಯಲ್ಲೇ ಹೆಚ್ಚು. ಓಪಿಡಿ ಅಲ್ಲ, ನೇರ ಎಮರ್ಜೆನ್ಸಿಗೆ ಹೋಗ್ಬೇಕು, ಅದೂ ದಿನದ 24 ಗಂಟೆ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೆ. ಮನೇಲಿ ಆಸ್ಪಿರಿನ್ ಕೊಟ್ಟು ಕರ್ಕೊಂಡು ಹೋಗೋದು ಬೇಡ, ರಕ್ತ ಹೆಪ್ಪುಗಟ್ಟಿದ್ಯಾ ಇಲ್ಲಾ ರಕ್ತಸ್ರಾವ ಆಗಿದ್ಯಾ ಅಂತ ಸ್ಕ್ಯಾನ್ ಮಾಡ್ದೇ ಯಾರಿಗೂ ಹೇಳೋಕಾಗಲ್ಲ.

ಕೈ ಸರಿಹೋಗ್ದೇ ಹಾಗೇ ಉಳಿದ್ರೆ ಒಂದೊಂದು ನಿಮಿಷಾನೂ ಲೆಕ್ಕ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು, ದೊಡ್ಡ ರಕ್ತನಾಳ ಕಟ್ಟಿದ್ರೆ ತಂತಿ ಹಾಕಿ ಹೆಪ್ಪನ್ನ ಎಳೆದು ತೆಗೆಯೋ ಚಿಕಿತ್ಸೆನ ಆಯ್ದ ಕೆಲವರಿಗೆ 24 ಗಂಟೆವರೆಗೂ ಮಾಡ್ತಾರೆ, ಆದ್ರೆ ಎಲ್ಲಾ ಆಸ್ಪತ್ರೆಯಲ್ಲಿ ಅದು ಇರಲ್ಲ. ಬಾಗಿಲಲ್ಲೇ ಕೇಳೋ ಪ್ರಶ್ನೆ ಎರಡು. ಕೊನೇ ಸಲ ಪೂರ್ತಿ ಸರಿ ಇದ್ದಿದ್ದು ಎಷ್ಟು ಗಂಟೆಗೆ, ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೋತಿದಾರಾ. ಗಂಟೆ ಚೀಟೀಲಿ ಬರ್ಕೊಳ್ಳಿ, ಮಾತ್ರೆ ಸ್ಟ್ರಿಪ್‌ಗಳನ್ನ ಹಾಗೇ ಚೀಲಕ್ಕೆ ಹಾಕ್ಕೊಂಡು ಹೊರಡಿ.