ಭಾರತದ ಹೆವಿ ಲೈಸೆನ್ಸ್ ಇದ್ದರೆ ಕೆನಡಾದಲ್ಲಿ ವರ್ಕ್ ಪರ್ಮಿಟ್ ಮೇಲೆ ಟ್ರಕ್ ಓಡಿಸಬಹುದೇ?

ಎಂಟು ವರ್ಷದ ಹೆವಿ ಲೈಸೆನ್ಸ್ ಇದೆ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಂಪನಿಯೊಂದರಿಂದ ವರ್ಕ್ ಪರ್ಮಿಟ್ ಕೊಡಿಸುತ್ತೇನೆ, ಇಳಿದ ವಾರವೇ ಟ್ರಕ್ ಹತ್ತಬಹುದು ಅಂತ ಏಜೆಂಟ್ ಹೇಳುತ್ತಿದ್ದಾನೆ, ನಂಬಬಹುದೇ ಎಂದು ಕೇಳಿದ್ದೀರಿ.

ಪರ್ಮಿಟ್ ಮಾತು ನಿಜವಿರಬಹುದು. ಇಳಿದ ವಾರವೇ ಟ್ರಕ್ ಹತ್ತುವ ಮಾತು ಮಾತ್ರ ಶುದ್ಧ ಸುಳ್ಳು. ವರ್ಕ್ ಪರ್ಮಿಟ್ ಕೊಡುವುದು ಕೇಂದ್ರ ಸರ್ಕಾರ, ಲೈಸೆನ್ಸ್ ಕೊಡುವುದು ಪ್ರಾಂತ್ಯ. ಅಲ್ಲಿ ಲೈಸೆನ್ಸ್ ಕೆಲಸ ಐಸಿಬಿಸಿ ಎಂಬ ಸಂಸ್ಥೆಯದು, ಟ್ರೇಲರ್ ಗಾಡಿಗೆ ಬೇಕಾದದ್ದು ಕ್ಲಾಸ್ 1. ಭಾರತದ ಲೈಸೆನ್ಸ್ ಕೊಟ್ಟು ಅದನ್ನು ನೇರವಾಗಿ ಪಡೆಯುವ ದಾರಿಯೇ ಇಲ್ಲ. ಹೊಸದಾಗಿ ನೆಲೆಸಲು ಬಂದವರಿಗೆ ಹಳೆಯ ಲೈಸೆನ್ಸ್ ಮೇಲೆ 90 ದಿನದ ಅವಕಾಶ ಇರುತ್ತದಲ್ಲ, ಅದನ್ನು ಕಾರಿಗೆ ಬಳಸಿ, ಟ್ರಕ್‌ಗೆ ನೆಚ್ಚಿಕೊಳ್ಳಬೇಡಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬರೀ ಅನುವಾದದ ಪುಸ್ತಕ, ಲೈಸೆನ್ಸ್ ಅಲ್ಲ.

ಮೊದಲು ಕ್ಲಾಸ್ 5, ಅಂದರೆ ಕಾರಿನ ಲೈಸೆನ್ಸ್ ಆಗಬೇಕು: ಕಣ್ಣಿನ ಪರೀಕ್ಷೆ, ನಾಲೆಜ್ ಟೆಸ್ಟ್, ರೋಡ್ ಟೆಸ್ಟ್. ಹೆಚ್ಚಿನವರು ಎಡವುವುದು ಇಲ್ಲೇ. ಕನಿಷ್ಠ ಎರಡು ವರ್ಷ ಪೂರ್ಣ ಲೈಸೆನ್ಸ್ ಇತ್ತು ಎಂಬ ದಾಖಲೆ ತೋರಿಸಿದರೆ ನೇರ ಕ್ಲಾಸ್ 5. ತೋರಿಸಲಾಗದಿದ್ದರೆ ಹೊಸಬರ ಸಾಲಿಗೆ ತಳ್ಳುತ್ತಾರೆ, ಆ ಲೈಸೆನ್ಸ್ ಮೇಲೆ ಕ್ಲಾಸ್ 1ಕ್ಕೆ ಅರ್ಜಿ ಹಾಕುವಂತೆಯೇ ಇಲ್ಲ. ಪರ್ಮಿಟ್ ಅವಧಿ ಅಷ್ಟರಲ್ಲೇ ಮುಗಿದುಹೋಗಬಹುದು. ನಿಮ್ಮ ಲೈಸೆನ್ಸ್‌ನಲ್ಲಿ ಅಲ್ಲಿಯವರಿಗೆ ಮುಖ್ಯವಾದದ್ದು 'ಹೆವಿ' ಅನ್ನುವುದಲ್ಲ, ಮೊದಲು ಕೊಟ್ಟ ತಾರೀಖು. ರಿನ್ಯೂವಲ್ ಆದ ಸ್ಮಾರ್ಟ್ ಕಾರ್ಡ್‌ನಲ್ಲಿ ಈಚಿನ ತಾರೀಖು ಮಾತ್ರ ಎದ್ದು ಕಾಣುತ್ತಿದ್ದರೆ ಕಷ್ಟ. ಹೊರಡುವ ಮೊದಲೇ ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್, ಅಂದರೆ ಲೈಸೆನ್ಸ್‌ನ ಪೂರ್ತಿ ದಾಖಲೆಯ ಪ್ರತಿ, ತೆಗೆಸಿ. ಹೆಸರು, ಹುಟ್ಟಿದ ತಾರೀಖು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಬರೆದಿದ್ದರೂ ಕೌಂಟರ್‌ನಲ್ಲಿ ತಕರಾರು ಏಳುತ್ತದೆ. ಹೊಸ ಲೈಸೆನ್ಸ್ ಕೊಡುವಾಗ ಹಳೆಯ ಕಾರ್ಡನ್ನು ತೆಗೆದಿಟ್ಟುಕೊಳ್ಳುತ್ತಾರೆ, ಎರಡೂ ಬದಿಯ ಪ್ರತಿ ನಿಮ್ಮ ಬಳಿ ಇರಲಿ.

ಆಮೇಲೆ ಕ್ಲಾಸ್ 1. ವಯಸ್ಸು 19 ತುಂಬಿರಬೇಕು, ವೈದ್ಯಕೀಯ ವರದಿ ಬೇಕು, ನಾಲೆಜ್ ಟೆಸ್ಟ್ ಇದೆ. 2021ರ ಅಕ್ಟೋಬರ್‌ನಿಂದ ಇದಕ್ಕೆ ಮೆಲ್ಟ್ ಎಂಬ ಕಡ್ಡಾಯ ತರಬೇತಿ ಸೇರಿದೆ: ಏರ್ ಬ್ರೇಕ್ ಸೇರಿ 140 ಗಂಟೆ, ಅದೂ ಐಸಿಬಿಸಿ ಮಾನ್ಯತೆ ಕೊಟ್ಟ ಸ್ಕೂಲಿನಲ್ಲಿ. ಫೀಸು 10,000 ಡಾಲರ್ ದಾಟುತ್ತದೆ. ಯಾರು ಕಟ್ಟುತ್ತಾರೆ ಎಂಬುದು ಆಫರ್ ಲೆಟರ್‌ನಲ್ಲೇ ಬರಹದಲ್ಲಿ ಇರಲಿ. ಆರು ತಿಂಗಳೊಳಗಿನ ಕೋರ್ಸ್ ಆದ್ದರಿಂದ ಬೇರೆ ಸ್ಟಡಿ ಪರ್ಮಿಟ್ ಬೇಕಿಲ್ಲ.

ಹೈವೇಯಲ್ಲಿ ವರ್ಷಗಟ್ಟಲೆ ಓಡಿಸಿದವರೂ ಕ್ಲಾಸ್ 1ರ ರೋಡ್ ಟೆಸ್ಟ್‌ನಲ್ಲಿ ಫೇಲ್ ಆಗುವುದು ಓಡಿಸಲು ಬಾರದೆ ಅಲ್ಲ, ಗಾಡಿ ಹೊರಡಿಸುವ ಮುಂಚಿನ ತಪಾಸಣೆಯಲ್ಲಿ. ನಮ್ಮಲ್ಲಿ ಕ್ಲೀನರ್ ಟೈರ್ ತಟ್ಟಿ ನೋಡಿ 'ರೈಟ್' ಅಂದರೆ ಮುಗಿಯಿತು. ಅಲ್ಲಿ ಒಂದೊಂದನ್ನೂ ಮುಟ್ಟಿ, ಇಂಗ್ಲಿಷ್‌ನಲ್ಲಿ ಬಾಯಿಬಿಟ್ಟು ಹೇಳಬೇಕು. ಏರ್ ಬ್ರೇಕ್ ವಿಷಯವನ್ನೇ ನೋಡಿ: ಇಗ್ನಿಷನ್ ಆನ್ ಇಟ್ಟು, ಎಂಜಿನ್ ನಿಲ್ಲಿಸಿ, ಬ್ರೇಕ್ ಪೆಡಲ್ ಒತ್ತಿ ಬಿಡುತ್ತಾ ಗಾಳಿ ಇಳಿಸಬೇಕು. ಒತ್ತಡ 55 ಪಿಎಸ್‌ಐಗಿಂತ ಕೆಳಗಿಳಿಯುವ ಮೊದಲೇ ಎಚ್ಚರಿಕೆ ದೀಪವೋ ಬಜರೋ ಬರಬೇಕು. ಬ್ರೇಕ್ ಅಡ್ಜಸ್ಟ್‌ಮೆಂಟ್ ಸರಿಯಿದೆಯೇ ನೋಡಲು, ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಸುವ ಚೇಂಬರ್‌ನಿಂದ ಹೊರಬರುವ ಪುಶ್‌ರಾಡ್ ಎಂಬ ಸರಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, 90ರಿಂದ 100 ಪಿಎಸ್‌ಐ ಒತ್ತಡದಲ್ಲಿ ಬ್ರೇಕ್ ಒತ್ತಿಸಿ, ಗುರುತು ಎಷ್ಟು ಸರಿದಿದೆ ಎಂದು ಅಳೆಯಬೇಕು. ಸಾಮಾನ್ಯ ಟೈಪ್ 30 ಚೇಂಬರ್‌ನಲ್ಲಿ ಅದು 2 ಇಂಚು ಮೀರಿದ್ದರೆ ಆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಈ ಅಂಕಿಗಳು ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರಬೇಕು.

ಇನ್ನೊಂದು ತೊಡಕು ಬಲ ತಿರುವು. ರಸ್ತೆಯ ಬಲಬದಿಯಲ್ಲಿ ಓಡಿಸುವುದರಿಂದ ನಮ್ಮ ಎಡ ತಿರುವಿನಷ್ಟೇ ಅದು ಇಕ್ಕಟ್ಟು. 53 ಅಡಿ ಟ್ರೇಲರ್‌ನ ಹಿಂದಿನ ಚಕ್ರ ಒಳಗೆ ಎಳೆದುಕೊಂಡು ಫುಟ್‌ಪಾತ್ ಹತ್ತಿತೋ, ಟೆಸ್ಟ್ ಅಲ್ಲಿಗೇ ಮುಗಿದಂತೆ. ಚಳಿಗಾಲದ ಘಾಟಿ ರಸ್ತೆ ಬೇರೆಯೇ ಕಥೆ: ಅಕ್ಟೋಬರ್ 1ರಿಂದ ಅಲ್ಲಿ ಭಾರಿ ಟ್ರಕ್‌ಗಳಲ್ಲಿ ಟೈರ್‌ಗೆ ಹಾಕುವ ಚೈನ್ ಇರಲೇಬೇಕು.

ಪರ್ಮಿಟ್ ವಿಷಯಕ್ಕೆ ಬಂದರೆ, ನಿಮ್ಮಂಥವರಿಗೆ ಸಾಮಾನ್ಯವಾಗಿ ಸಿಗುವುದು ಎಲ್‌ಎಂಐಎ (ವಿದೇಶಿ ಕಾರ್ಮಿಕನನ್ನು ಕರೆಸಲು ಮಾಲೀಕ ಸರ್ಕಾರದಿಂದ ಪಡೆಯುವ ಒಪ್ಪಿಗೆ) ಆಧಾರದ, ಒಂದೇ ಮಾಲೀಕನಿಗೆ ಕಟ್ಟಿಹಾಕಿದ ಪರ್ಮಿಟ್. ಟ್ರಕ್ ಡ್ರೈವರ್‌ನ ಉದ್ಯೋಗ ಸಂಕೇತ 73300. ಎಲ್‌ಎಂಐಎ ಶುಲ್ಕ 1,000 ಡಾಲರ್, ಅದನ್ನು ಮಾಲೀಕನೇ ಭರಿಸಬೇಕು, ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಕೆಲಸ ಕೊಡಿಸಿದ್ದಕ್ಕೆ ಕಾರ್ಮಿಕನಿಂದ ದುಡ್ಡು ತೆಗೆದುಕೊಳ್ಳುವುದು ಬ್ರಿಟಿಷ್ ಕೊಲಂಬಿಯಾದ 2018ರ ಕಾಯ್ದೆಯ ಪ್ರಕಾರ ಅಪರಾಧ, ರಿಕ್ರೂಟರ್‌ಗೂ ಲೈಸೆನ್ಸ್ ಇರಬೇಕು. ನಿಮ್ಮ ಏಜೆಂಟ್‌ನ ಲೈಸೆನ್ಸ್ ನಂಬರ್ ಕೇಳಿ ನೋಡಿ, ಮುಖದ ಬಣ್ಣದಲ್ಲೇ ಅರ್ಧ ಉತ್ತರ ಸಿಗುತ್ತದೆ. ಲೈಸೆನ್ಸ್ ಬರುವವರೆಗೆ ಗೋಡೌನ್‌ನಲ್ಲಿ ಲೋಡಿಂಗ್ ಮಾಡಿಕೊಂಡಿರು ಎಂದರೆ ಒಪ್ಪಬೇಡಿ, ಪರ್ಮಿಟ್‌ನಲ್ಲಿ ನಮೂದಿಸಿದ ಉದ್ಯೋಗ ಬಿಟ್ಟು ಬೇರೆ ಕೆಲಸ ಮಾಡಿದರೆ ಷರತ್ತು ಮುರಿದ ಹಾಗೆ. ನಿನ್ನ ಹೆಸರಲ್ಲೇ ಒಂದು ಕಂಪನಿ ತೆರೆ, ಅದಕ್ಕೆ ಸಂಬಳ ಹಾಕುತ್ತೇವೆ ಎನ್ನುವವರೂ ಇದ್ದಾರೆ. ಅದಕ್ಕಂತೂ ಕೈ ಹಾಕಲೇಬೇಡಿ. ಪ್ರತಿ ಸಂಬಳಕ್ಕೂ ಕಡಿತ ತೋರಿಸುವ ಪೇ ಸ್ಲಿಪ್, ವರ್ಷಕ್ಕೊಮ್ಮೆ ಟಿ4 ಫಾರ್ಮ್, ಅಂದರೆ ವರ್ಷದ ಸಂಬಳ ಮತ್ತು ತೆರಿಗೆ ಕಡಿತದ ಲೆಕ್ಕ, ಕೇಳಿ ಪಡೆಯಿರಿ. ಮುಂದೆ ಪಿಆರ್‌ಗೆ (ಕಾಯಂ ವಾಸದ ಅನುಮತಿಗೆ) ಅರ್ಜಿ ಹಾಕುವಾಗ ಅನುಭವ ತೋರಿಸಲು ಬೇಕಾಗುವ ಕಾಗದಗಳು ಇವೇ.