ಮೊಮ್ಮಗ ‘ಮರ’ವನ್ನು ‘ಮರ್’ ಎಂದು ಓದಿದರೆ

ಡೊಂಬಿವಲಿಯಿಂದ ಅಜ್ಜಿಯೊಬ್ಬರು ಬರೆದಿದ್ದಾರೆ. ಮೊಮ್ಮಗನಿಗೆ ಎಂಟು ವರ್ಷ, ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೇ ತರಗತಿ. ಶಾಲೆಯಲ್ಲಿ ಮರಾಠಿ ಓದಲು, ಬರೆಯಲು ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ. ಅಜ್ಜಿ ಕಲಿಸಿದ ಕಾಗುಣಿತವನ್ನು ರಾಗವಾಗಿ ಹೇಳುತ್ತಾನೆ. ಆದರೆ ಓದಲು ಕೂತರೆ ‘ಮರ’ ಎಂಬುದು ‘ಮರ್’ ಆಗುತ್ತದೆ, ‘ಕೊಡು’ ಎಂಬುದು ‘ಕೋಡು’ ಆಗುತ್ತದೆ, ಒತ್ತಕ್ಷರ ಬಂದರೆ ನಿಂತೇಬಿಡುತ್ತಾನೆ. ಶಾಲೆಯಲ್ಲಿ, “ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಮೂರು ಲಿಪಿ ಮಗುವಿಗೆ ಭಾರ” ಎಂದರಂತೆ. “ನಾನು ಅವನಿಗೆ ಸುಮ್ನೆ ಹಿಂಸೆ ಕೊಡುತ್ತಿದ್ದೇನೆಯೇ? ನಿಲ್ಲಿಸಲೇ?” ಎಂದು ಕೇಳಿದ್ದಾರೆ.

ನಮಸ್ಕಾರ ಅಮ್ಮ. ನಿಲ್ಲಿಸಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ‘ಮರ್’. ಅದು ದಡ್ಡತನವಲ್ಲ. ಮರಾಠಿಯಲ್ಲಿ ‘ಘರ’ ಎಂದು ಬರೆದು ‘ಘರ್’ ಎಂದು ಓದುತ್ತಾರೆ. ಕೊನೆಯ ಅಕಾರ ಬಾಯಿಂದ ಹೊರಡುವುದಿಲ್ಲ. ನಿಮ್ಮ ಹುಡುಗ ಆ ನಿಯಮ ಕಲಿತಿದ್ದಾನೆ, ಇಲ್ಲಿಗೂ ಹಾಕಿ ನೋಡಿದ್ದಾನೆ. ಮಾತುಂಗಾದಲ್ಲಿ ಭಾನುವಾರದ ಕನ್ನಡ ತರಗತಿಗೆ ನಾನೂ ಕೆಲವು ವರ್ಷ ಪಾಠ ಹೇಳಿದ್ದೇನೆ. ಅಲ್ಲಿ ಒಬ್ಬ ಹುಡುಗಿ ‘ಮರ’ ಬರೆಯಲು ಹೇಳಿದರೆ ‘ಮರಾ’ ಎಂದೇ ಬರೆಯುತ್ತಿದ್ದಳು. ಯಾಕೆಂದು ಕೇಳಿದೆ. “ದೀರ್ಘ ಕೊಡದಿದ್ದರೆ ಮರ್ ಅಂತ ಓದ್ತಾರೆ ಸರ್” ಅಂದಳು. ಅವತ್ತಿನಿಂದ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆಯುವ ಮುಂಚೆ ಯಾಕೆ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

‘ಕೊಡು–ಕೋಡು’ ಕೂಡ ಹಾಗೇ. ಹ್ರಸ್ವ ಎ, ಹ್ರಸ್ವ ಒ ಬರೆಯಲು ಮರಾಠಿಯಲ್ಲಿ ಬೇರೆ ಅಕ್ಷರವೇ ಇಲ್ಲ. ಕಿವಿಗೆ ವ್ಯತ್ಯಾಸ ಗೊತ್ತು, ಕಣ್ಣಿಗೆ ಇನ್ನೂ ಅಭ್ಯಾಸವಾಗಿಲ್ಲ. ಒತ್ತಕ್ಷರದ್ದು ಇನ್ನೂ ಕಷ್ಟ. ಮರಾಠಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗಿ, ಎರಡನೆಯದು ಪೂರ್ತಿ ನಿಲ್ಲುತ್ತದೆ. ನಮ್ಮಲ್ಲಿ ಮೊದಲನೆಯದು ಪೂರ್ತಿ, ಎರಡನೆಯದು ಕೆಳಗೆ. ‘ಕುಸ್ತಿ’ ನೋಡಿ. ಗುಡಿಸು ಇರುವುದು ಸಕಾರದ ತಲೆಯ ಮೇಲೆ, ಆದರೆ ಇಕಾರ ಕೇಳಿಸುವುದು ತಕಾರ ಆದಮೇಲೆ. ಬರೆದದ್ದನ್ನು ಬರೆದ ಹಾಗೆಯೇ ಓದುವ ಮಗು ‘ಕುಸಿತ’ ಅಂದರೆ ಅದರ ತಪ್ಪೇನು?

ಇದಕ್ಕೆ ಎಷ್ಟು ಕಾಲ ಬೇಕು ಎಂಬುದಕ್ಕೂ ಉತ್ತರ ಇದೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕನ್ನಡ ಮಾಧ್ಯಮದ ಮಕ್ಕಳಿಗೇ ಅಕ್ಷರಗಳು ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿವರೆಗೂ ಸಮಯ ಹಿಡಿಯುತ್ತದೆ ಎಂದು ಅದರಲ್ಲಿ ಕಂಡುಬಂತು. ಆಶ್ಚರ್ಯವೇನಿಲ್ಲ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ 15 ರೂಪ ಎಂದರೆ 510 ಆಯಿತು. ಒತ್ತಕ್ಷರ ಅದರ ಮೇಲೆ. ಇಂಗ್ಲಿಷಿನ 26 ಅಕ್ಷರದ ಜೊತೆ ಹೋಲಿಸಿ ಮಗು ಹಿಂದೆ ಬಿದ್ದಿದೆ ಎನ್ನುವುದು ಅನ್ಯಾಯ.

ಇನ್ನು ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂಬ ಸಲಹೆ. ಇದನ್ನು ದಯವಿಟ್ಟು ಕೇಳಬೇಡಿ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದನ್ನು ಒಂದು ಗುಣಾಕಾರದಂತೆ ವಿವರಿಸಿದರು. ಅಕ್ಷರ ಬಿಡಿಸುವ ಶಕ್ತಿ ಒಂದು, ಮಾತು ತಿಳಿಯುವ ಶಕ್ತಿ ಇನ್ನೊಂದು. ಎರಡನ್ನೂ ಗುಣಿಸಿದರೆ ಓದು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಕನ್ನಡದ ಮಟ್ಟಿಗೆ ನಿಮ್ಮ ಮೊಮ್ಮಗನಿಗೆ ಎರಡನೆಯದು ನಿಮ್ಮ ಅಡುಗೆಮನೆಯಲ್ಲೇ ಸಿಕ್ಕಿದೆ. ಅದನ್ನು ಯಾಕೆ ಕಿತ್ತುಕೊಳ್ಳಬೇಕು? ಒಂದು ಭಾಷೆಯಲ್ಲಿ ಗಟ್ಟಿಯಾದ ಓದು ಬರಹ ಇನ್ನೊಂದಕ್ಕೆ ಆಸರೆಯಾಗುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ವಾದಿಸಿದ್ದರು. ಕನ್ನಡ, ಮರಾಠಿಯ ಮಟ್ಟಿಗಂತೂ ಇದು ಕಣ್ಣಿಗೇ ಕಾಣುತ್ತದೆ. ಕ ಖ ಗ ಘ ಸಾಲು ಅದೇ, ಕಾಗುಣಿತದ ಕ್ರಮ ಬಹುಪಾಲು ಅದೇ, ಳಕಾರ ಕೂಡ ಎರಡೂ ಕಡೆ ಇದೆ. ಅವನು ಹೊಸದಾಗಿ ಕಲಿಯುತ್ತಿರುವುದು ಹೆಚ್ಚಾಗಿ ಅಕ್ಷರಗಳ ರೂಪಗಳನ್ನು. (ನಮ್ಮ ಮುಂಬಯಿಯಲ್ಲಿ ಮನೆಯಲ್ಲಿ ತುಳು ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಬೀದಿಯಲ್ಲಿ ಮರಾಠಿ, ಹಿಂದಿ ಕಲಿತವರು ಎಷ್ಟು ಜನ! ಅವರನ್ನೆಲ್ಲ ನೋಡಿಯೂ ನಾವು ಭಾರ ಎನ್ನುತ್ತೇವಲ್ಲ.)

ಒಂದೇ ಒಂದು ಬದಲಾವಣೆ ಮಾಡಿ. ರಾಗದ ಕಾಗುಣಿತ ಸ್ವಲ್ಪ ಕಡಿಮೆ ಮಾಡಿ. ರಾಗ ನೆನಪಿದ್ದರೆ ಕಣ್ಣಿಗೆ ಕೆಲಸವೇ ಇರುವುದಿಲ್ಲ. ಅದರ ಬದಲು ಅವನಿಂದ ಅಂಗಡಿ ಚೀಟಿ ಬರೆಸಿ. ಅಕ್ಕಿ, ಬೆಲ್ಲ, ಉಪ್ಪು, ಕೊತ್ತಂಬರಿ, ಬೆಳ್ಳುಳ್ಳಿ. ಎಲ್ಲದರಲ್ಲೂ ಒತ್ತಕ್ಷರ ಇದೆ, ಅಲ್ವಾ? ಅಂಗಡಿಯಲ್ಲಿ ಅವನೇ ನಿಮಗೆ ಓದಿ ಹೇಳಲಿ, ನೀವು ಅಂಗಡಿಯವರಿಗೆ ಮರಾಠಿಯಲ್ಲಿ ಹೇಳಿ. ಅವನು ‘ಉಪು’ ಎಂದು ಬರೆದಿದ್ದರೆ ತಿದ್ದಬೇಡಿ, ಬರೆದದ್ದನ್ನೇ ಜೋರಾಗಿ ಓದಲು ಹೇಳಿ. ಅವನ ಕಿವಿಯೇ ತಪ್ಪು ಹಿಡಿಯುತ್ತದೆ.

ಮುಂದಿನ ಪತ್ರದ ಜೊತೆ ಅಂಥದ್ದೊಂದು ಚೀಟಿ ಕಳಿಸಿ. ತಪ್ಪುಗಳು ಹಾಗೆಯೇ ಇರಲಿ. ನಾನು ಅವನಿಗೇ ಉತ್ತರ ಬರೆಯುತ್ತೇನೆ, ದೊಡ್ಡ ಅಕ್ಷರದಲ್ಲಿ.

— ಸಂಪಾದಕ