145 ನಿಮಿಷಕ್ಕೆ ಮುಗಿದಿದ್ದರೆ ನೀವು ಆ ಸಿನಿಮಾ ನೋಡಿಯೇ ಇಲ್ಲ

ಒಂದು ಹಳೆಯ ವೆಸ್ಟರ್ನ್ (ಕೌಬಾಯ್ ಸಿನಿಮಾ) ನೋಡಿ ‘ಎರಡು ಗಂಟೆ ಇಪ್ಪತ್ತೈದು ನಿಮಿಷ ತೂಕಡಿಸಿದೆ’ ಅಂತ ನಿಮ್ಮ ಪೋಸ್ಟ್‌ನಲ್ಲಿ ಬರೆದಿದ್ದೀರಲ್ಲ, ಆ ಲೆಕ್ಕ ಓದಿದ ಕೂಡಲೇ ನನ್ನ ಹಳೆಯ ಎಡವಟ್ಟು ನೆನಪಾಯಿತು. ನೀವು ನೋಡಿದ, ಇಟಲಿಯ ನಿರ್ದೇಶಕ ಸರ್ಜಿಯೊ ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ (1968) ಇರುವುದು 165 ನಿಮಿಷ. ನೀವು ನೋಡಿದ್ದು 145ರದ್ದು. ನಾನೂ ಅದನ್ನೇ ನೋಡಿ, ವೆಸ್ಟರ್ನ್ ಅಂದರೆ ಟೋಪಿ, ಧೂಳು, ಆಕಳಿಕೆ ಅಂತ ತೀರ್ಮಾನಿಸಿ ಏಳು ವರ್ಷ ಆ ಕಡೆ ತಲೆ ಹಾಕಲಿಲ್ಲ. ‘ಲಿಯೋನೆ ಸಾಕು, ಯಾರೂ ಹೇಳದ ಹತ್ತು ಕ್ಲಾಸಿಕ್ ಹೇಳಿ’ ಅಂತ ಕೇಳಿದ್ದೀರಿ. ಆ ಪಟ್ಟಿ ಆಗ ನನ್ನ ಕೈಗೆ ಸಿಕ್ಕಿದ್ದರೂ ಆ ಹತ್ತನ್ನೂ ಅದೇ ರೀತಿ ಕೆಡಿಸಿಕೊಂಡೇ ನೋಡುತ್ತಿದ್ದೆ.

ಇಪ್ಪತ್ತು ನಿಮಿಷ ತಾನೇ ಅನ್ನಬೇಡಿ. ಅಮೆರಿಕದ ಬಿಡುಗಡೆಗೆಂದು ಕತ್ತರಿ ಹಾಕಿದಾಗ ಹೋದದ್ದು ಅಲ್ಲೊಂದು ಇಲ್ಲೊಂದು ಶಾಟ್ ಅಲ್ಲ, ಕಥೆಯ ಕೀಲುಗಳೇ. ಮೆಕ್‌ಬೇನ್ ಎಂಬವನನ್ನು ಮದುವೆಯಾಗಿ ಅವನ ಮನೆಗೆ ಹೊರಟ ಜಿಲ್ (ಕ್ಲಾಡಿಯಾ ಕಾರ್ಡಿನಾಲೆ) ರೈಲಿಳಿದು, ಕುದುರೆಗಾಡಿ ಹಿಡಿದು, ದಾರಿಯಲ್ಲಿ ಒಂದು ಕತ್ತಲೆಯ ಅಂಗಡಿಯಲ್ಲಿ ಇಳಿಯುತ್ತಾಳೆ. ಅಲ್ಲಿಗೆ ಕೈಕೋಳ ತೊಟ್ಟ ದರೋಡೆಕೋರ ಶಯಾನ್ (ಜೇಸನ್ ರೋಬಾರ್ಡ್ಸ್) ಬರುತ್ತಾನೆ. ಮೂಲೆಯಲ್ಲಿ ಹಾರ್ಮೋನಿಕಾ ಅಂತಲೇ ಕರೆಸಿಕೊಳ್ಳುವ ನಾಯಕ (ಚಾರ್ಲ್ಸ್ ಬ್ರಾನ್ಸನ್) ಕೂತಿದ್ದಾನೆ. ಸ್ಟೇಷನ್ನಿನಲ್ಲಿ ತನ್ನನ್ನು ಕೊಲ್ಲಲು ಬಂದ ಮೂವರು ತೊಟ್ಟಿದ್ದೂ ಶಯಾನ್ ಕಡೆಯವರು ತೊಡುವ ಅದೇ ಉದ್ದ ಕೋಟು ಅಂತ ಅವನಿಗೆ ಹೊಳೆಯುವುದು ಇಲ್ಲೇ. ಮೆಕ್‌ಬೇನ್ ಕುಟುಂಬದ ಕೊಲೆಯನ್ನು ಶಯಾನ್ ತಲೆಗೆ ಕಟ್ಟುವ ಬಾಡಿಗೆ ಕೊಲೆಗಾರ ಫ್ರ್ಯಾಂಕನ (ಹೆನ್ರಿ ಫೊಂಡಾ) ಹೂಟವೆಲ್ಲ ಆ ಕೋಟಿನ ಮೇಲೇ ನಿಂತಿದೆ. 145 ನಿಮಿಷದ ಪ್ರತಿಯಲ್ಲಿ ಈ ಅಂಗಡಿಯ ಪ್ರಸಂಗ ಇಡಿಯಾಗಿ ಇಲ್ಲ. ಶಯಾನ್ ಆಮೇಲೆ ಜಿಲ್‌ಳ ಮನೆಯಲ್ಲಿ ದಿಢೀರನೆ ಪ್ರತ್ಯಕ್ಷನಾಗುತ್ತಾನೆ. ಇವನ್ಯಾರು, ಇವಳ ಕಾಫಿ ಇವನಿಗ್ಯಾಕೆ ಅನ್ನಿಸುವುದು ನಿಮ್ಮ ತಪ್ಪಲ್ಲ. ಕೊನೆಯಲ್ಲಿ ಶಯಾನ್‌ನ ಸಾವೂ ಇಲ್ಲ. ರೈಲ್ವೆ ಧಣಿ ಮಾರ್ಟನ್‌ನ ಸಾವನ್ನೂ ತುಂಡು ಮಾಡಿದ್ದಾರೆ.

ಕತ್ತರಿಸಿದವರು ಒಂದು ಗುರುತು ಉಳಿಸಿಹೋಗಿದ್ದಾರೆ, ಅದು ನಮ್ಮ ಅದೃಷ್ಟ. ಆ ಅಂಗಡಿಯವನ ಪಾತ್ರ ಮಾಡಿದ್ದು ಲಯೊನೆಲ್ ಸ್ಟ್ಯಾಂಡರ್. ಕತ್ತರಿಸಿದ ಪ್ರತಿಯಲ್ಲೂ ಅವರ ಹೆಸರು ಹಾಗೇ ಇದೆ, ಮುಖ ಮಾತ್ರ ಎಲ್ಲೂ ಬರುವುದಿಲ್ಲ. ಇಡೀ ಸಿನಿಮಾ ನೋಡಿ ಪರೀಕ್ಷಿಸಬೇಕಿಲ್ಲ: ಜಿಲ್‌ಳ ಗಾಡಿ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳ ನಡುವೆ ಹೋಗುವಲ್ಲಿಗೆ ಓಡಿಸಿ. ಗಾಡಿ ಅಂಗಡಿ ಮುಂದೆ ನಿಂತರೆ ಪೂರ್ತಿ ಪ್ರತಿ. ನೇರ ಮನೆಗೆ ಹೋಗಿಬಿಟ್ಟರೆ ಅಲ್ಲೇ ನಿಲ್ಲಿಸಿ.

ನಿಮಿಷ ಎಣಿಸುವಾಗ ಒಂದು ಕಡೆ ಎಲ್ಲರೂ ಎಡವುತ್ತಾರೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಯೂರೋಪಿನ ಟಿವಿಗೆ ಮಾಡಿದ ಹಳೆಯ ಪ್ಯಾಲ್ ಡಿವಿಡಿಗಳಲ್ಲಿ ಅದೇ ಸಿನಿಮಾವನ್ನು 25ಕ್ಕೆ ಓಡಿಸುತ್ತಾರೆ. ಅಂದರೆ ಶೇ. 4ರಷ್ಟು ವೇಗ ಹೆಚ್ಚು. 165 ನಿಮಿಷ ಸುಮಾರು 158ಕ್ಕೆ ಮುಗಿಯುತ್ತದೆ. 158 ಅಂತ ಕಂಡರೆ ಗಾಬರಿ ಬೇಡ, ಏನೂ ಕತ್ತರಿಸಿಲ್ಲ. ಆದರೆ ವೇಗದ ಜೊತೆ ಶ್ರುತಿಯೂ ಸಾಮಾನ್ಯವಾಗಿ ಅರ್ಧಸ್ವರದ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ) ಸುಮಾರು ಮುಕ್ಕಾಲು ಪಾಲಿನಷ್ಟು ಏರಿರುತ್ತದೆ. ಬೇರೆ ಸಿನಿಮಾಗಳಲ್ಲಿ ಇದು ಗೊತ್ತೇ ಆಗದು. ಇಲ್ಲಿ ಗೊತ್ತಾಗುತ್ತದೆ, ಏಕೆಂದರೆ ಎನ್ನಿಯೊ ಮೊರಿಕೋನೆ ಚಿತ್ರೀಕರಣಕ್ಕೆ ಮೊದಲೇ ಸಂಗೀತ ಮಾಡಿಕೊಟ್ಟಿದ್ದರು, ಲಿಯೋನೆ ಅದನ್ನು ಸೆಟ್ಟಿನಲ್ಲಿ ಹಾಕಿಕೊಂಡು ಶೂಟ್ ಮಾಡಿದರು. ನಟರ ನಡಿಗೆಗೂ ಕ್ಯಾಮೆರಾದ ಚಲನೆಗೂ ಲಯ ಅಲ್ಲಿಂದಲೇ ಬಂದದ್ದು. ಬ್ಲೂ-ರೇ ಸಿಕ್ಕರೆ ಅದನ್ನೇ ಹಿಡಿಯಿರಿ, ಅಲ್ಲಿ ಓಟ ಸಾಮಾನ್ಯವಾಗಿ 24ರದ್ದೇ.

ನನ್ನ ತಪ್ಪಿನ ಅರ್ಧ ಇಷ್ಟು. ಉಳಿದರ್ಧ, ನಿಜವಾಗಿ ದುಬಾರಿಯಾದದ್ದು, ಚಿತ್ರದ ಅಗಲ. ನಾನು ನೋಡಿದ ಪ್ರತಿ ಹಳೇ ಟಿವಿಯ 4:3 ಚೌಕಕ್ಕೆ ಕತ್ತರಿಸಿದ್ದು. ಮೂಲದಲ್ಲಿ ಅಗಲ-ಎತ್ತರದ ಅನುಪಾತ 2.35:1. ಭಾಗಾಕಾರ ಮಾಡಿ ನೋಡಿ: ಚಿತ್ರದ ಶೇ. 43 ಭಾಗ ಎರಡೂ ಪಕ್ಕದಿಂದ ಮಾಯ. ಯಾರು ಮಾತಾಡುತ್ತಾರೋ ಅವರ ಕಡೆಗೆ ಚೌಕವನ್ನು ಜಾರಿಸುತ್ತಾ ಹೋಗುತ್ತಾರೆ. ಎಲ್ಲರೂ ಸದಾ ಮಾತಾಡುವ ಸಿನಿಮಾ ಆದರೆ ಹೇಗೋ ನಡೆಯುತ್ತಿತ್ತು. ಇಲ್ಲಿ ಮಾತೇ ಇಲ್ಲ. ಮೊದಲ ಪ್ರಸಂಗದಲ್ಲಿ ಮೂವರು ರೈಲಿಗೆ ಕಾಯುತ್ತಾರೆ, ಹತ್ತು ನಿಮಿಷಕ್ಕೂ ಹೆಚ್ಚು. ಜ್ಯಾಕ್ ಈಲಮ್ ಮುಖದ ಮೇಲೆ ನೊಣ, ವುಡಿ ಸ್ಟ್ರೋಡ್ ಟೋಪಿಯ ಮೇಲೆ ತೊಟ್ಟಿಕ್ಕುವ ನೀರು, ಇನ್ನೊಬ್ಬ ಬೆರಳ ನೆಟಿಕೆ ತೆಗೆಯುತ್ತಾನೆ. ಸಂಗೀತವೂ ಇಲ್ಲ, ಕಿರುಗುಟ್ಟುವ ಗಾಳಿಚಕ್ರ ಒಂದೇ. ಅಗಲ ಪರದೆಯಲ್ಲಿ ಇದು ಉಸಿರು ಬಿಗಿಹಿಡಿಸುತ್ತದೆ, ಯಾಕೆಂದರೆ ಪ್ರತಿ ಮುಖದ ಪಕ್ಕದಲ್ಲೂ ಖಾಲಿ ಜಾಗ ಇದೆ ಮತ್ತು ಆ ಖಾಲಿಯಿಂದ ಯಾರೋ ಬರಲಿದ್ದಾರೆ. ಚೌಕದಲ್ಲಿ ಆ ಖಾಲಿ ಇಲ್ಲ. ಬರೀ ನೊಣ ಉಳಿಯುತ್ತದೆ. ಹತ್ತು ನಿಮಿಷ ನೊಣ ನೋಡಿದರೆ ಯಾರಿಗೆ ತಾನೇ ನಿದ್ದೆ ಬರದು?

ಇದು ಕ್ಯಾಮೆರಾದೊಳಗಿನ ಸಂಗತಿಯೂ ಹೌದು. ಲಿಯೋನೆ ಬಳಸಿದ ಟೆಕ್ನಿಸ್ಕೋಪ್ ಪದ್ಧತಿಯಲ್ಲಿ 35 ಎಂಎಂ ಫಿಲ್ಮಿನ ಒಂದು ಫ್ರೇಮ್ ಫಿಲ್ಮಿನ ಅಂಚಿನ ನಾಲ್ಕು ರಂಧ್ರದ ಬದಲು ಎರಡೇ ರಂಧ್ರದ ಎತ್ತರ. ಅದೇ ರೀಲು ಎರಡು ಪಟ್ಟು ಹೊತ್ತು ಓಡುತ್ತದೆ, ದುಡ್ಡು ಉಳಿಯುತ್ತದೆ. ಸಿನಿಮಾಸ್ಕೋಪಿನಂತೆ ಚಿತ್ರವನ್ನು ಅಗಲದಲ್ಲಿ ಹಿಂಡುವ ಲೆನ್ಸ್ ಬೇಡ, ಮಾಮೂಲಿ ಲೆನ್ಸ್ ಸಾಕು. ಹಾಗಾಗಿ ಹತ್ತಿರದ ಕೆನ್ನೆಯ ಗಡ್ಡವೂ ದೂರದಲ್ಲಿ ಬರುವ ಕುದುರೆಯೂ ಒಂದೇ ಫ್ರೇಮಿನಲ್ಲಿ ಸ್ಪಷ್ಟ. ಒಂದು ಬದಿಗೆ ಮುಖ, ಇನ್ನೊಂದು ಬದಿಗೆ ದೂರದ ಸವಾರ: ಲಿಯೋನೆ ಕಟ್ಟುವುದೇ ಹೀಗೆ, ಚೌಕ ಇದರಲ್ಲಿ ಒಂದನ್ನು ನುಂಗುತ್ತದೆ. ಫ್ರೇಮ್ ಸಣ್ಣದಾದ್ದರಿಂದ ಫಿಲ್ಮಿನ ಕಾಳು (ಗ್ರೇನ್) ದಪ್ಪ ಕಾಣುತ್ತದೆ. ಟಿವಿಯ ‘ನಾಯ್ಸ್ ರಿಡಕ್ಷನ್’ ಆನ್ ಇದ್ದರೆ ಅದು ಕಾಳನ್ನು ಕೊಳೆ ಅಂದುಕೊಂಡು ತಿಕ್ಕುತ್ತದೆ, ಬೆವರಿದ ಮುಖ ಮೇಣದ ಗೊಂಬೆಯಾಗುತ್ತದೆ. ಆಫ್ ಮಾಡಿ. ಚಲನೆಯನ್ನು ನುಣುಪು ಮಾಡುವ ಆಯ್ಕೆಯನ್ನೂ ಆಫ್ ಮಾಡಿ (ಪ್ರತಿ ಕಂಪನಿ ಅದಕ್ಕೊಂದು ಹೆಸರಿಟ್ಟಿದೆ, ಮೆನುವಿನಲ್ಲಿ ‘ಮೋಷನ್’ ಅಂತ ಹುಡುಕಿ). ಇಲ್ಲದಿದ್ದರೆ ಸಿನಿಮಾ ಸಂಜೆ ಧಾರಾವಾಹಿಯಂತೆ ಕಾಣುತ್ತದೆ.

ಅನುಮಾನ ಇದ್ದರೆ ಟೇಪು ಹಿಡಿದು ಅಳೆಯಿರಿ, ನಾಚಿಕೆ ಬೇಡ. 43 ಇಂಚಿನ ಟಿವಿಯ ಪರದೆ ಹೆಚ್ಚುಕಡಿಮೆ 95 ಸೆಂ.ಮೀ. ಅಗಲ, 53.5 ಸೆಂ.ಮೀ. ಎತ್ತರ. ಲಿಯೋನೆ ಸಿನಿಮಾ ಹಾಕಿದಾಗ ಮೇಲೆ, ಕೆಳಗೆ ತಲಾ 6.5 ಸೆಂ.ಮೀ. ಕಪ್ಪು ಪಟ್ಟಿ ಇರಲೇಬೇಕು. ಪರದೆ ಪೂರ್ತಿ ತುಂಬಿದ್ದರೆ ಪಕ್ಕ ಕತ್ತರಿಸಿದ್ದಾರೆ, ಇಲ್ಲವೇ ನೀವೇ ‘ಜೂಮ್’ ಒತ್ತಿದ್ದೀರಿ. 1953ಕ್ಕೆ ಮೊದಲಿನ ವೆಸ್ಟರ್ನ್‌ಗಳಲ್ಲಿ ಇದರ ತಿರುವುಮುರುವು: ಚಿತ್ರ 1.37:1, ಪಟ್ಟಿ ಎಡಬಲಕ್ಕೆ ತಲಾ 11 ಸೆಂ.ಮೀ. ಆ ಪಟ್ಟಿ ನೋಡಲಾಗದೆ ಜೂಮ್ ಮಾಡಿದರೆ ಎತ್ತರದಲ್ಲಿ ಶೇ. 23 ಹೋಗುತ್ತದೆ. ಅಮೆರಿಕದ ವೆಸ್ಟರ್ನ್ ನಿರ್ದೇಶಕ ಜಾನ್ ಫೋರ್ಡ್ ಸಿನಿಮಾದಲ್ಲಿ ಅಷ್ಟು ಹೋಯಿತೆಂದರೆ ಹೋದದ್ದು ಆಕಾಶ, ಫೋರ್ಡ್‌ನಲ್ಲಿ ಆಕಾಶವೇ ಮುಖ್ಯ ಪಾತ್ರ.

ಧ್ವನಿಯ ಬಗ್ಗೆ ನೀವು ‘ತುಟಿಗೂ ಮಾತಿಗೂ ಹೊಂದಲ್ಲ, ಡಬ್ಬಿಂಗ್ ಪ್ರತಿ ಸಿಕ್ಕಿತೇನೋ’ ಅಂದಿದ್ದೀರಿ. ಅದು ದೋಷವಲ್ಲ. ಆ ಕಾಲದ ಇಟಲಿಯಲ್ಲಿ ಶೂಟಿಂಗ್ ವೇಳೆಯ ಧ್ವನಿಯನ್ನು ಸಾಮಾನ್ಯವಾಗಿ ಬಳಸುತ್ತಿರಲಿಲ್ಲ. ಪ್ರತಿ ನಟ ತನ್ನ ಭಾಷೆಯಲ್ಲಿ ಹೇಳುವುದು, ಆಮೇಲೆ ಎಲ್ಲ ಭಾಷೆಗೂ ಡಬ್ ಮಾಡುವುದು. ಇಟಾಲಿಯನ್ ಟ್ರ್ಯಾಕ್ ಕೂಡ ಡಬ್ಬಿಂಗೇ. ಫೊಂಡಾ, ಬ್ರಾನ್ಸನ್, ರೋಬಾರ್ಡ್ಸ್ ಇಂಗ್ಲಿಷಿನವರು, ಆದ್ದರಿಂದ ಇಂಗ್ಲಿಷ್ ಟ್ರ್ಯಾಕ್ ಹಾಕಿ. ಕಾರ್ಡಿನಾಲೆಯಂಥ ಇಟಲಿಯ ನಟರ ಧ್ವನಿ ಅದರಲ್ಲಿ ಬೇರೆಯವರದ್ದು. ಮೊನೊ (ಒಂದೇ ಚಾನೆಲ್ಲಿನ ಧ್ವನಿ) ಇದ್ದರೆ ಮೊನೊ. ಟಿವಿಯ ಸ್ಪೀಕರ್‌ಗಿಂತ ಮಾಮೂಲಿ ಹೆಡ್‌ಫೋನೇ ವಾಸಿ, ಆ ಗಾಳಿಚಕ್ರ ಕೇಳಿಸದಿದ್ದರೆ ಮೊದಲ ಪ್ರಸಂಗ ಮೂಕಿ ಚಿತ್ರವಾಗುತ್ತದೆ.

ಇಷ್ಟು ಕೇಳಿ ‘ಉದ್ದದ ಪ್ರತಿಯೇ ಸರಿ’ ಅಂತ ನಿಯಮ ಮಾಡಿಕೊಳ್ಳಬೇಡಿ. ಲಿಯೋನೆಯದೇ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ (1966) ಎರಡು ಥರ ಸಿಗುತ್ತದೆ, 161 ಮತ್ತು 179 ನಿಮಿಷ. ನನ್ನ ಮತ 161ಕ್ಕೆ. 2003ರಲ್ಲಿ ಬಂದ ಉದ್ದದ್ದರಲ್ಲಿ ಲಿಯೋನೆ ರೋಮ್‌ನ ಮೊದಲ ಪ್ರದರ್ಶನದ ನಂತರ ತಾವೇ ಕತ್ತರಿಸಿ ಬಿಟ್ಟಿದ್ದ ಪ್ರಸಂಗವನ್ನೂ ಸೇರಿಸಿದ್ದಾರೆ. ಸೇರಿಸಿದ ಭಾಗಗಳಿಗೆ ಅದರ ನಟರಾದ ಕ್ಲಿಂಟ್ ಈಸ್ಟ್‌ವುಡ್ ಮತ್ತು ಈಲೈ ವಾಲಾಕ್ ಮುಪ್ಪಿನಲ್ಲಿ ಮತ್ತೆ ಧ್ವನಿ ಕೊಟ್ಟಿದ್ದು ಕಿವಿಗೆ ರಾಚುತ್ತದೆ. ಮೂರನೆಯ ಮುಖ್ಯ ನಟ ಲೀ ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅವರ ಪಾಲಿನದ್ದು ಬೇರೆ ಯಾರದೋ ಧ್ವನಿ. ಹೋವರ್ಡ್ ಹಾಕ್ಸ್‌ನ ‘ರೆಡ್ ರಿವರ್’ (1948) ಕೂಡ ಹಾಗೇ: ಪುಸ್ತಕದ ಪುಟ ತೋರಿಸಿ ಕಥೆ ಮುಂದುವರಿಸುವ 133 ನಿಮಿಷದ್ದು, ವಾಲ್ಟರ್ ಬ್ರೆನನ್ ಧ್ವನಿಯಲ್ಲಿ ಹೇಳಿಸುವ 127 ನಿಮಿಷದ್ದು. ಹಾಕ್ಸ್‌ಗೆ ಇಷ್ಟವಾಗಿದ್ದು ಚಿಕ್ಕದ್ದು, ನನಗೂ.

ಇನ್ನು ನಿಮ್ಮ ‘ಯಾರೂ ಹೇಳದ’ ಅನ್ನುವ ಷರತ್ತು. ಅದನ್ನು ನಾನು ಒಪ್ಪುವುದಿಲ್ಲ. ಯಾರೂ ನೋಡದ್ದು ಅನ್ನುವುದು ಒಂದು ಗುಣವಲ್ಲ, ಬಹಳಷ್ಟನ್ನು ಜನ ಮರೆತಿರುವುದು ಸರಿಯಾಗಿಯೇ ಇದೆ. ನಿಮಗೆ ಬೇಕಾಗಿರುವುದು ಅಪರೂಪದ್ದಲ್ಲ, ಚಿಕ್ಕದ್ದು. ಬಡ್ ಬೆಟಿಕರ್ ನಿರ್ದೇಶಿಸಿ, ಬರ್ಟ್ ಕೆನಡಿ ಬರೆದು, ರ್‍ಯಾಂಡಾಲ್ಫ್ ಸ್ಕಾಟ್ ನಟಿಸಿದ ‘ರೈಡ್ ಲೋನ್ಸಮ್’ (1959) 73 ನಿಮಿಷ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಸುತ್ತಿನ ಬಂಡೆಗಳು, ಬೆರಳೆಣಿಕೆಯ ಜನ, ಒಂದು ಮರ. ಸಿಕ್ಕಿಬಿದ್ದ ಕೊಲೆಗಾರನನ್ನು ಸ್ಕಾಟ್ ಬೇಕೆಂದೇ ನಿಧಾನವಾಗಿ ಕರೆದೊಯ್ಯುತ್ತಾನೆ. ಯಾಕೆ ಈ ನಿಧಾನ ಅನ್ನುವುದೇ ಕಥೆ. ಮುಂದೆ ಹೆಸರು ಮಾಡಿದ ಜೇಮ್ಸ್ ಕೋಬರ್ನ್‌ಗೆ ಇದು ಮೊದಲ ಸಿನಿಮಾ. ಖಳ ಫ್ರ್ಯಾಂಕ್ ಆಗಿ ಸ್ವಲ್ಪ ಹೊತ್ತು ಬರುವವರು ಅದೇ ಲೀ ವ್ಯಾನ್ ಕ್ಲೀಫ್, ಆರು ವರ್ಷದ ಮೇಲೆ ಲಿಯೋನೆ ಅವರನ್ನು ಕರೆದೊಯ್ದು ತಾರೆ ಮಾಡಿದರು. ಇಲ್ಲೊಬ್ಬ ಫ್ರ್ಯಾಂಕ್, ಒಂದು ಹಳೆಯ ನೇಣು. ಒಂಬತ್ತು ವರ್ಷ ಬಿಟ್ಟು ಲಿಯೋನೆಯಲ್ಲೂ ಒಬ್ಬ ಫ್ರ್ಯಾಂಕ್, ಒಂದು ಹಳೆಯ ನೇಣು. ಇದನ್ನು ಮೊದಲು ನೋಡಿದವರಿಗೆ ಲಿಯೋನೆಯ ನಿಧಾನ ಬೇರೆಯೇ ಕಾಣುತ್ತದೆ. ಇದೂ ಅಗಲ ಪರದೆಯದ್ದೇ (ಸಿನಿಮಾಸ್ಕೋಪ್), ಮತ್ತೆ ಅಳತೆ ನೋಡಿಕೊಳ್ಳಿ. ಹಿಡಿಸಿದರೆ ಅದೇ ಮೂವರ ‘ಸೆವೆನ್ ಮೆನ್ ಫ್ರಮ್ ನೌ’ (1956), 78 ನಿಮಿಷ.

ಆಮೇಲೆ ಆಂಥನಿ ಮ್ಯಾನ್‌ನ ‘ದ ನೇಕೆಡ್ ಸ್ಪರ್’ (1953). ಮಾತಾಡುವ ಪಾತ್ರ ಐದೇ ಐದು, 91 ನಿಮಿಷ. ಸಜ್ಜನ ಅಂತ ನಾವು ನಂಬಿದ ಜೇಮ್ಸ್ ಸ್ಟೀವರ್ಟ್ ಇಲ್ಲಿ ತಲೆಯ ಬೆಲೆಗಾಗಿ ಮನುಷ್ಯನನ್ನು ಬೇಟೆಯಾಡುತ್ತಾನೆ. ಹಿಮದ ವೆಸ್ಟರ್ನ್ ಬೇಕಿದ್ದರೆ ಆಂದ್ರೆ ಡೆ ತೋತ್‌ನ ‘ಡೇ ಆಫ್ ದ ಔಟ್‌ಲಾ’ (1959, ಕಪ್ಪುಬಿಳುಪು), ಅಥವಾ ಸರ್ಜಿಯೊ ಕೊರ್ಬುಚ್ಚಿಯ ‘ದ ಗ್ರೇಟ್ ಸೈಲೆನ್ಸ್’ (1968). ಎರಡನೆಯದಕ್ಕೆ ಕೆಲವು ಮಾರುಕಟ್ಟೆಗೆಂದು ಒಂದು ಸುಖಾಂತ್ಯವನ್ನೂ ಶೂಟ್ ಮಾಡಿದ್ದರು. ಕೊನೆಯಲ್ಲಿ ಎಲ್ಲರೂ ನಗುತ್ತಿದ್ದರೆ ನಿಮಗೆ ಸಿಕ್ಕಿರುವುದು ತಪ್ಪು ಕೊನೆ. ರಾಬರ್ಟ್ ಆಲ್ಟ್‌ಮನ್‌ನ ‘ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್’ (1971) ಮಾತ್ರ ಮಂಜು ಮುಸುಕಿದ ಪ್ರಿಂಟಿನಂತೆ ಕಾಣುತ್ತದೆ, ಮಾತು ಗುಂಪಿನಲ್ಲಿ ಕರಗಿಹೋಗುತ್ತದೆ. ಅದು ಬೇಕೆಂದೇ ಮಾಡಿದ್ದು: ಛಾಯಾಗ್ರಾಹಕ ವಿಲ್ಮೋಸ್ ಜಿಗ್ಮಂಡ್ ಡೆವಲಪ್ ಮಾಡುವ ಮೊದಲೇ ನೆಗೆಟಿವ್‌ಗೆ ಚೂರು ಬೆಳಕು ತಾಗಿಸಿ ಬಣ್ಣ ತಿಳಿಗೊಳಿಸಿದರು. ಕಾಂಟ್ರಾಸ್ಟ್ ಏರಿಸಿ ‘ಸರಿ’ ಮಾಡಲು ಹೋಗಬೇಡಿ.

ಪ್ರತಿಯ ಗೊಂದಲ ದೂರದ ಅಮೆರಿಕದ್ದೇ ಅನ್ನಿಸಿದರೆ ನಮ್ಮ ರಾಮನಗರದ ಬಂಡೆಗಳನ್ನು ನೆನೆಸಿಕೊಳ್ಳಿ. ‘ಶೋಲೆ’ಯಲ್ಲಿ (1975) ಠಾಕೂರನ ಕುಟುಂಬದ ಕೊಲೆ ಲಿಯೋನೆಯ ಮೆಕ್‌ಬೇನ್ ಕುಟುಂಬದ ಕೊಲೆಯಿಂದಲೇ ಬಂದದ್ದು. 35 ಎಂಎಂನಲ್ಲಿ ತೆಗೆದು 70 ಎಂಎಂಗೆ ಹಿಗ್ಗಿಸುವಾಗ ಅದರ ಮೇಲೂ ಕೆಳಗೂ ಕತ್ತರಿ ಬಿತ್ತು. ತುರ್ತು ಪರಿಸ್ಥಿತಿಯ ಸೆನ್ಸಾರ್‌ಗಾಗಿ ಕೊನೆಯನ್ನೇ ಬದಲಿಸಿದರು: ಮೂಲದಲ್ಲಿ ಠಾಕೂರನೇ ಗಬ್ಬರನನ್ನು ಕೊಲ್ಲುತ್ತಾನೆ, ನಾವು ನೋಡುತ್ತಾ ಬೆಳೆದದ್ದರಲ್ಲಿ ಪೊಲೀಸರು ಬಂದು ತಡೆಯುತ್ತಾರೆ.

ಈ ವಾರ ‘ರೈಡ್ ಲೋನ್ಸಮ್’ ನೋಡಿ. ಮುಂದಿನ ವಾರ 165 ನಿಮಿಷದ್ದನ್ನು ತರಿಸಿಕೊಂಡು, 43 ಇಂಚಾದರೆ ಐದಾರು ಅಡಿಗೆ ಕುರ್ಚಿ ಎಳೆದು, ದೀಪ ಆರಿಸಿ, ಫೋನ್ ಇನ್ನೊಂದು ಕೋಣೆಯಲ್ಲಿಡಿ. ಅಂಗಡಿ ಬಂದಾಗ ಕಟ್ಟೆಯ ಹಿಂದೆ ನಿಂತವನ ಮುಖ ನೋಡಿಕೊಳ್ಳಿ, ಆತನೇ ಸ್ಟ್ಯಾಂಡರ್. ಅಲ್ಲಿಗೂ ನಿದ್ದೆ ಬಂದರೆ ಬಂದು ಹೇಳಿ, ಆಗ ಬೇಕಾದರೆ ಹತ್ತರ ಪಟ್ಟಿ ಬರೆಯುತ್ತೇನೆ.